ಬೇಸಿಗೆ ರಜೆಯಲ್ಲಿ ಮಕ್ಕಳೊಡನೆ ಇಂಡೋನೇಷ್ಯಾ

ಉಷ್ಣವಲಯದ ಪಾಠ ನಮ್ಮ ಮಕ್ಕಳ ಪುಸ್ತಕಗಳಿಗೆ ಬಂದದ್ದು ಚಳಿದೇಶದವರ ಕಣ್ಣಿನ ಮೂಲಕ. ಅಲ್ಲಿ ಸೆಖೆಯಿದೆ, ದಟ್ಟ ಕಾಡಿದೆ, ಹಾವು ಸೊಳ್ಳೆಗಳಿವೆ, ಮರದ ಮೇಲೆ ಮನೆ ಕಟ್ಟಿಕೊಂಡ ಜನರಿದ್ದಾರೆ ಎಂದು ಓದುವ ಶಿರಸಿ ಸೀಮೆಯ ಹುಡುಗನಿಗೆ, ತಾನು ಕುಳಿತಿರುವ ಜಗುಲಿಯೂ ಅದೇ ವಲಯದಲ್ಲಿದೆ ಎಂಬ ಅನುಮಾನವೇ ಬಾರದ ಹಾಗೆ ಆ ಪಾಠಗಳ ಧಾಟಿಯಿರುತ್ತದೆ. ಕರ್ಕಾಟಕ ಸಂಕ್ರಾಂತಿ ವೃತ್ತ ಗುಜರಾತ್, ಮಧ್ಯಪ್ರದೇಶ, ಪಶ್ಚಿಮ ಬಂಗಾಳಗಳ ಮೇಲೆ ಹಾದುಹೋಗುತ್ತದೆ. ಅದರ ದಕ್ಷಿಣಕ್ಕಿರುವುದೆಲ್ಲ, ಬೀದರಿನಿಂದ ಚಾಮರಾಜನಗರದವರೆಗಿನ ಇಡೀ ಕರ್ನಾಟಕವೂ ಸೇರಿ, ಉಷ್ಣವಲಯವೇ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದ ಮೇಲೆ, ಬೇಸಿಗೆ ರಜೆಯಲ್ಲಿ ಮೊಮ್ಮಕ್ಕಳನ್ನೂ ಅಕ್ಕಪಕ್ಕದ ಮನೆಗಳ ಮಕ್ಕಳನ್ನೂ ಸೇರಿಸಿಕೊಂಡು ಯಾವುದಾದರೊಂದು ನಾಡಿನ ಬಗ್ಗೆ ಮಾತಾಡುವ ರೂಢಿ ಇಟ್ಟುಕೊಂಡಿದ್ದೇನೆ. ಈ ಸಲ ಆರಿಸಿಕೊಂಡದ್ದು ಇಂಡೋನೇಷ್ಯಾ.

ಅಮೆಜಾನ್, ಕಾಂಗೋಗಳನ್ನೂ ಆರಿಸಬಹುದಿತ್ತು. ಆದರೆ ಎಂಟರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದೂರದ ನಾಡೊಂದು ಕೈಗೆ ಸಿಗಬೇಕಾದರೆ, ಅವರು ದಿನಾ ಮುಟ್ಟುವ ವಸ್ತುಗಳಲ್ಲಿ ಕೆಲವಾದರೂ ಆ ನಾಡಿಗೆ ಸೇರಿರಬೇಕು ಎಂಬುದು ನನ್ನ ಅನುಭವ. ನಮ್ಮ ಅಡಕೆ ತೋಟದ ಜಾಯಿಕಾಯಿ ಮರ, ಅಡುಗೆಮನೆಯ ಡಬ್ಬಿಯಲ್ಲಿರುವ ಲವಂಗ, ಇವೆರಡರ ತವರೂ ಇಂಡೋನೇಷ್ಯಾದ ಪೂರ್ವ ದ್ವೀಪಗಳು. ಅಲ್ಲಿಯ ಹೆಚ್ಚಿನವರಿಗೂ ಅನ್ನವೇ ಊಟ, ತೆಂಗಿಲ್ಲದೆ ಅಡುಗೆಯಿಲ್ಲ. ಇಷ್ಟು ಹೋಲಿಕೆ ಇರುವಲ್ಲಿ ವ್ಯತ್ಯಾಸಗಳು ತಾವಾಗಿಯೇ ಎದ್ದು ಕಾಣುತ್ತವೆ. ನೆಲ ಹೀಗಿರುವುದರಿಂದ ಬೆಳೆ ಹೀಗೆ, ಬೆಳೆ ಹೀಗಿರುವುದರಿಂದ ಬದುಕು ಹೀಗೆ ಎಂಬ ಎಳೆಯನ್ನು ಮಗು ತಾನೇ ಹಿಡಿದುಕೊಳ್ಳುವಂತಾದರೆ ನನಗೆ ಸಾಕು. ರಾಜಧಾನಿ, ಬಾವುಟ, ನಾಣ್ಯಗಳ ಪಟ್ಟಿ ಆಮೇಲೆ ಬಂದರೂ ಆದೀತು, ಬಾರದಿದ್ದರೂ ಆದೀತು.

ಮೊದಲ ಪಾಠ ನೆರಳಿನದು. ಉಷ್ಣವಲಯದ ಪ್ರತಿ ಊರಿನಲ್ಲೂ ವರ್ಷಕ್ಕೆರಡು ಸಲ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಬೆಂಗಳೂರಿನಲ್ಲಿ ಇದು ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ನಡೆಯುತ್ತದೆ; ಉತ್ತರಕ್ಕೆ ಹೋದಂತೆ ಮೊದಲನೆಯದು ತುಸು ತಡವಾಗಿಯೂ ಎರಡನೆಯದು ತುಸು ಬೇಗನೆಯೂ ಬರುತ್ತವೆ. ಆಗಸ್ಟಿನಲ್ಲಿ ಮಲೆನಾಡಿನವರಿಗೆ ಸೂರ್ಯದರ್ಶನದ ಭರವಸೆ ಇಲ್ಲದ್ದರಿಂದ ನಮಗೆ ಏಪ್ರಿಲ್ ಕೊನೆಯೇ ಗತಿ, ಅದು ರಜೆಯ ಕಾಲವೂ ಹೌದು. ಅಂಗಳದಲ್ಲಿ ಒನಕೆಯನ್ನು ನೆಟ್ಟಗೆ ನಿಲ್ಲಿಸಿ, ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಅದರ ನೇರ ನೋಡಿ, ಬೆಳಿಗ್ಗೆಯಿಂದ ನೆರಳಿನ ತುದಿಗೆ ಸುಣ್ಣದ ಚುಕ್ಕೆ ಇಡುತ್ತ ಬಂದರೆ, ಹನ್ನೆರಡೂವರೆಯ ಆಸುಪಾಸಿನಲ್ಲಿ ಆ ನೆರಳು ಒನಕೆಯ ಬುಡಕ್ಕೆ ಸೇರಿ ಇಲ್ಲವಾಗುತ್ತದೆ. ದಿಲ್ಲಿಯ ಮಕ್ಕಳು ತಮ್ಮೂರಿನಲ್ಲಿ ವರ್ಷವಿಡೀ ಕಾದರೂ ಇದನ್ನು ಕಾಣಲಾರರು ಎಂದಾಗ ನಮ್ಮ ಮಕ್ಕಳ ಮುಖದಲ್ಲಿ ಮೂಡುವ ಹೆಮ್ಮೆ ನೋಡುವಂಥದ್ದು. ಬೋರ್ನಿಯೋ ದ್ವೀಪದಲ್ಲಿ ಇಂಡೋನೇಷ್ಯಾಕ್ಕೆ ಸೇರಿದ ಭಾಗವಾದ ಕಾಲಿಮಾಂತಾನಿನ ಪೊಂಟಿಯಾನಕ್ ನಗರ ಸಮಭಾಜಕ ವೃತ್ತದ ಮೇಲೆಯೇ ಇದೆ. ಅಲ್ಲಿ ಈ ನೆರಳಿಲ್ಲದ ಗಳಿಗೆ ಬರುವುದು ಹಗಲಿರುಳು ಸಮವಾಗುವ ಮಾರ್ಚ್ ಮತ್ತು ಸೆಪ್ಟೆಂಬರ್ ದಿನಗಳಲ್ಲಿ, ಅದನ್ನು ನೋಡಲು ಜನ ಸಮಭಾಜಕ ಸ್ಮಾರಕದ ಬಳಿ ಸೇರುತ್ತಾರೆ. ನಮ್ಮಲ್ಲಿ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಒಂದೂವರೆ ಗಂಟೆಗಿಂತ ಹೆಚ್ಚಿನ ಅಂತರವಿದ್ದರೆ, ಅಲ್ಲಿ ಅಂಥ ಅಂತರವೇ ಇಲ್ಲವೆನ್ನಬಹುದು. ಬೇಸಿಗೆಯ ಉದ್ದನೆಯ ಸಂಜೆ ಎಂಬುದೇ ಇಲ್ಲದ ಊರಿನಲ್ಲಿ ಆಟ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಮಕ್ಕಳು ಲೆಕ್ಕ ಹಾಕಲಿ.

ಆಮೇಲೆ ಭೂಪಟ. 17,000ಕ್ಕೂ ಹೆಚ್ಚು ದ್ವೀಪಗಳು ಎಂಬ ಅಂಕಿಯನ್ನು ಮಗು ಬಾಯಿಪಾಠ ಮಾಡೀತು, ಆದರೆ ಅದರಿಂದ ಏನೂ ಕಾಣಿಸುವುದಿಲ್ಲ. ನಾವು ಅಂಗಳದಲ್ಲಿ ರಂಗೋಲಿ ಪುಡಿಯಿಂದ, 500 ಕಿಲೋಮೀಟರಿಗೆ ಒಂದು ಅಡಿಯ ಅಳತೆಯಲ್ಲಿ ಆ ದೇಶವನ್ನು ಬಿಡಿಸಿದೆವು. ಪಶ್ಚಿಮದಿಂದ ಪೂರ್ವಕ್ಕೆ ಇಂಡೋನೇಷ್ಯಾದ ಉದ್ದ ಸುಮಾರು 5,100 ಕಿಲೋಮೀಟರ್, ಅಂದರೆ ಹತ್ತು ಅಡಿಗಿಂತ ತುಸು ಹೆಚ್ಚು. ಅದೇ ಅಳತೆಯಲ್ಲಿ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗಿನ ಭಾರತ ಆರೂವರೆ ಅಡಿಯಲ್ಲಿ ಮುಗಿದುಹೋಗುತ್ತದೆ. ಸುಮಾತ್ರಾ, ಜಾವಾ, ಕಾಲಿಮಾಂತಾನ್, ಸುಲಾವೆಸಿ, ಪಾಪುವಾ ಈ ಐದನ್ನು ಬಿಡಿಸಿ, ಉಳಿದವುಗಳಿಗೆ ಅಕ್ಕಿಕಾಳು ಚೆಲ್ಲಿದೆವು. ಕೈಕಾಲು ಚಾಚಿದಂತಿರುವ ಸುಲಾವೆಸಿಯನ್ನು ಬಿಡಿಸುವ ಅವಕಾಶಕ್ಕಾಗಿ ಸಣ್ಣ ಜಗಳವೂ ಆಯಿತು. ಬಾವಿಯ ಹಗ್ಗವನ್ನು ಸಮಭಾಜಕ ವೃತ್ತವಾಗಿ ಅಡ್ಡಲಾಗಿ ಹಾಸಿದಾಗ, ಅದು ಸುಮಾತ್ರಾ, ಕಾಲಿಮಾಂತಾನ್, ಸುಲಾವೆಸಿಗಳ ಮೇಲೆ ಹಾದು ಹೋಗುವುದೂ ಜಾವಾ ಪೂರ್ತಿಯಾಗಿ ಕೆಳಗೆ ಉಳಿಯುವುದೂ ಯಾರೂ ಹೇಳದೆ ಕಂಡಿತು. ಈ ಉದ್ದಕ್ಕೆ ಅಲ್ಲಿ ಮೂರು ಕಾಲವಲಯಗಳಿವೆ: ಪಾಪುವಾದ ಶಾಲೆಯಲ್ಲಿ ಗಂಟೆ ಒಂಬತ್ತಾದಾಗ ಜಕಾರ್ತಾದಲ್ಲಿ ಇನ್ನೂ ಏಳು.

ಜಾವಾ ಹಗ್ಗದ ಕೆಳಗೆ ಬಿದ್ದದ್ದರಿಂದ ಮಳೆಯ ವಿಚಾರ ಸುಲಭವಾಯಿತು. ನಮಗೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು ಸುರಿಯುವಾಗ ಜಾವಾದಲ್ಲಿ ಆಸ್ಟ್ರೇಲಿಯಾದ ಕಡೆಯ ಒಣಗಾಳಿ ಬೀಸುತ್ತಿರುತ್ತದೆ. ನಮ್ಮಲ್ಲಿ ಅಡಕೆ ಒಣಗಿಸುವ ಡಿಸೆಂಬರ್, ಜನವರಿಯಲ್ಲಿ ಅಲ್ಲಿ ಜೋರು ಮಳೆ. ಉಷ್ಣವಲಯದಲ್ಲಿ ಸದಾ ಮಳೆ ಎಂಬ ಪುಸ್ತಕದ ಮಾತು ಸಮಭಾಜಕಕ್ಕೆ ತೀರ ಹತ್ತಿರದ ಊರುಗಳಿಗೆ ಮಾತ್ರ ಹೊಂದುತ್ತದೆ.

ಜ್ವಾಲಾಮುಖಿ ಎಂದೊಡನೆ ಮಕ್ಕಳಿಗೆ ಸ್ಫೋಟ ಬೇಕು. ಅದನ್ನು ತಡೆದು ಪ್ರಯೋಜನವಿಲ್ಲ ಎಂದು ನಾನೇ ಮೊದಲು ಹೇಳಿಬಿಡುತ್ತೇನೆ. ಜಾವಾ, ಸುಮಾತ್ರಾಗಳ ನಡುವಿನ ಕ್ರಕಟೋವಾ 1883ರ ಆಗಸ್ಟ್ 27ರಂದು ಸಿಡಿದಾಗ ಅದರ ಸದ್ದು ಹಿಂದೂ ಮಹಾಸಾಗರದ ಆಚೆ, ಸುಮಾರು 4,800 ಕಿಲೋಮೀಟರ್ ದೂರದ ರಾಡ್ರಿಗಸ್ ದ್ವೀಪದಲ್ಲಿ ತೋಪಿನ ಶಬ್ದದಂತೆ ಕೇಳಿಸಿತು. ಸತ್ತ 36,000ಕ್ಕೂ ಹೆಚ್ಚು ಜನರಲ್ಲಿ ಬಹುಪಾಲು ಜನರನ್ನು ಕೊಂದದ್ದು ಬೆಂಕಿಗಿಂತ ಹೆಚ್ಚಾಗಿ ಸಮುದ್ರದ ಅಲೆಗಳು. ಕುಸಿದ ಪರ್ವತದ ಜಾಗದಲ್ಲಿ 1927ರಲ್ಲಿ ಹೊಸದೊಂದು ಬೆಟ್ಟ ನೀರಿನಿಂದ ತಲೆಯೆತ್ತಿತು. ಜನ ಅದನ್ನು ಕ್ರಕಟೋವಾದ ಮಗು ಎಂದೇ ಕರೆಯುತ್ತಾರೆ. ಇಷ್ಟು ಹೇಳಿ ಸುಮ್ಮನಾದರೆ, ಆರನೇ ತರಗತಿಯ ಹುಡುಗಿಯಿಂದ ನನಗೆ ಬೇಕಾದ ಪ್ರಶ್ನೆ ಬರುತ್ತದೆ: "ಹಾಗಾದ್ರೆ ಅಲ್ಲಿ ಜನ ಯಾಕೆ ಇರ್ತಾರೆ ಅಕ್ಕೋರೇ? ಬಿಟ್ಟು ಹೋಗ್ಬಾರ್ದಾ?"

ಹೋಗುವುದಿರಲಿ, ಅಲ್ಲಿಗೇ ಬಂದು ಸೇರಿದ್ದಾರೆ. ಜಾವಾದ ವಿಸ್ತೀರ್ಣ ಸುಮಾರು 1.3 ಲಕ್ಷ ಚದರ ಕಿಲೋಮೀಟರ್, ಕರ್ನಾಟಕದ ಮೂರನೇ ಎರಡರಷ್ಟು. ಅಷ್ಟರಲ್ಲಿ ವಾಸಿಸುವವರು 15 ಕೋಟಿಗೂ ಹೆಚ್ಚು ಜನ; 2011ರ ಗಣತಿಯಲ್ಲಿ ನಮ್ಮ ರಾಜ್ಯದ ಜನಸಂಖ್ಯೆ 6.1 ಕೋಟಿ ಇತ್ತು. ಕಾಲಿಮಾಂತಾನ್ ಇದಕ್ಕೆ ತದ್ವಿರುದ್ಧ: ಎರಡು ಮುಕ್ಕಾಲು ಕರ್ನಾಟಕದಷ್ಟು ನೆಲ, ಎರಡು ಕೋಟಿಯನ್ನೂ ಮುಟ್ಟದ ಜನ. ಒಂದೇ ದೇಶ, ಒಂದೇ ಸೆಖೆ, ಎರಡೂ ಕಡೆ ಧಾರಾಳ ಮಳೆ. ಅಂತರ ಇರುವುದು ಮಣ್ಣಿನಲ್ಲಿ. ಜಾವಾದ ಉದ್ದಕ್ಕೂ ಮೆರಾಪಿಯಂಥ ಜೀವಂತ ಜ್ವಾಲಾಮುಖಿಗಳ ಸಾಲಿದೆ, ಅವು ಆಗಾಗ ಉಗುಳುವ ಬೂದಿ ಖನಿಜಗಳಿಂದ ತುಂಬಿದ್ದು ಕೆಲವೇ ವರ್ಷಗಳಲ್ಲಿ ಕರಗಿ ಬೆಳೆಗೆ ಒದಗುತ್ತದೆ. ಕಾಲಿಮಾಂತಾನಿನಲ್ಲಿ ಅಂಥ ಬೆಟ್ಟಗಳಿಲ್ಲ, ಅಲ್ಲಿಯ ಹಳೆಯ ಮಣ್ಣಿನ ಸಾರವನ್ನು ಲಕ್ಷಾಂತರ ವರ್ಷಗಳ ಮಳೆ ತೊಳೆದು ಒಯ್ದಿದೆ. ಆ ಮಣ್ಣಿನ ಮೇಲೆ ಅಷ್ಟು ದಟ್ಟ ಕಾಡು ನಿಂತಿರುವುದು, ಉದುರಿದ ಎಲೆ ಕೊಳೆತು ಕೊಡುವ ಸಾರವನ್ನು ಬೇರುಗಳು ನೆಲಕ್ಕೆ ಇಳಿಯಗೊಡದೆ ಹೀರಿಕೊಳ್ಳುವುದರಿಂದ. ಕಾಡು ಕಡಿದರೆ ಕೆಲವೇ ಬೆಳೆಗಳಲ್ಲಿ ನೆಲ ಸೋಲುತ್ತದೆ.

ಈ ಮಾತು ಪಟ್ಟಣದ ಮಕ್ಕಳಿಗಿಂತ ನಮ್ಮ ಮಕ್ಕಳಿಗೆ ಬೇಗ ತಿಳಿಯುತ್ತದೆ. ನಮ್ಮ ಜಂಬಿಟ್ಟಿಗೆ ಮಣ್ಣೂ ಮಳೆಗೆ ತೊಳೆದುಹೋದದ್ದೇ, ಅದಕ್ಕಾಗಿಯೇ ಪ್ರತಿ ವರ್ಷ ಸೊಪ್ಪಿನ ಬೆಟ್ಟದಿಂದ ಸೊಪ್ಪು ತಂದು, ಕೊಟ್ಟಿಗೆಯಲ್ಲಿ ಗೊಬ್ಬರ ಮಾಡಿ ಅಡಕೆ ಮರದ ಬುಡಕ್ಕೆ ಹಾಕುತ್ತೇವೆ. ತೋಟಕ್ಕೆ ಸೊಪ್ಪು ಹೊರುವುದನ್ನು ಕಂಡ ಮಗುವಿಗೆ, ಜಾವಾದ ರೈತನಿಗೆ ಆ ಕೆಲಸದ ದೊಡ್ಡ ಪಾಲನ್ನು ಬೆಟ್ಟವೇ ಮಾಡಿಕೊಡುತ್ತದೆ, ಅದರ ಕೂಲಿಯನ್ನು ಮಾತ್ರ ಆಗೊಮ್ಮೆ ಈಗೊಮ್ಮೆ ಬಹಳ ಕ್ರೂರವಾಗಿ ವಸೂಲಿ ಮಾಡುತ್ತದೆ ಎಂದರೆ ಸಾಕು. ಮೆರಾಪಿಯ ಇಳಿಜಾರಿನವರು ಬೆಟ್ಟಕ್ಕೆ ಕಾಣಿಕೆ ಸಲ್ಲಿಸುವ ಪದ್ಧತಿಯೂ ಆಗ ವಿಚಿತ್ರವೆನಿಸುವುದಿಲ್ಲ. ಇದೇ ಪದ್ಧತಿಯನ್ನು ಜ್ವಾಲಾಮುಖಿಗೆ ಪೂಜೆ ಮಾಡುವ ಜನ ಎಂದು ಶೀರ್ಷಿಕೆ ಕೊಟ್ಟು ತೋರಿಸಿದ್ದರೆ ಮಕ್ಕಳು ನಕ್ಕು ಮುಂದೆ ಹೋಗುತ್ತಿದ್ದರು.

ಜಾವಾದ ಪಕ್ಕದ ಬಾಲಿಯಲ್ಲೂ ಇಂಥದೇ ಮಣ್ಣು, ಆದರೆ ಅಲ್ಲಿ ಮಕ್ಕಳಿಗೆ ತೋರಿಸಬೇಕಾದದ್ದು ನೀರು. ಬೆಟ್ಟದ ಇಳಿಜಾರಿನ ಮೆಟ್ಟಿಲುಗದ್ದೆಗಳಿಗೆ ನೀರು ಹಂಚುವ ರೈತರ ಸಂಘಗಳನ್ನು ಸುಬಾಕ್ ಎನ್ನುತ್ತಾರೆ. ಯಾವ ಸುಬಾಕ್ ಯಾವಾಗ ನಾಟಿ ಮಾಡಬೇಕು, ಯಾವಾಗ ಗದ್ದೆ ಬಿಡಬೇಕು ಎಂಬುದು ನೀರಿನ ದೇವಾಲಯಗಳಲ್ಲಿ ನಿಶ್ಚಯವಾಗುತ್ತದೆ. 1970ರ ದಶಕದಲ್ಲಿ ಹೊಸ ತಳಿಯ ಭತ್ತದೊಂದಿಗೆ, ಯಾರು ಬೇಕಾದರೂ ಎಷ್ಟು ಸಲ ಬೇಕಾದರೂ ನಾಟಿ ಮಾಡಬಹುದು ಎಂಬ ಸರ್ಕಾರಿ ಉತ್ತೇಜನ ಬಂದು ಹಳೆಯ ವೇಳಾಪಟ್ಟಿ ಮುರಿದುಬಿದ್ದಾಗ, ಕೀಟಗಳ ಹಾವಳಿಯೂ ನೀರಿನ ಕೊರತೆಯೂ ಹೆಚ್ಚಾದವು. ಅಕ್ಕಪಕ್ಕದ ಗದ್ದೆಗಳೆಲ್ಲ ಒಟ್ಟಿಗೆ ಬೀಳು ಬಿದ್ದಾಗ ಹುಳಕ್ಕೆ ಆಹಾರವಿಲ್ಲದೆ ಅದು ಸಾಯುತ್ತದೆ, ಬಿಡಿಬಿಡಿಯಾಗಿ ಬೆಳೆದರೆ ಒಂದು ಗದ್ದೆಯಿಂದ ಇನ್ನೊಂದಕ್ಕೆ ಹಾರುತ್ತ ಬದುಕುತ್ತದೆ ಎಂಬ ಲೆಕ್ಕವನ್ನು ಮಾನವಶಾಸ್ತ್ರಜ್ಞ ಸ್ಟೀಫನ್ ಲಾನ್ಸಿಂಗ್ ತೋರಿಸಿಕೊಟ್ಟರು. ಯುನೆಸ್ಕೋ 2012ರಲ್ಲಿ ಈ ಗದ್ದೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮಕ್ಕಳಿಗೆ ಬಾಲಿಯಲ್ಲಿ ಇದಕ್ಕಿಂತ ಹಿಡಿಸಿದ್ದು ನ್ಯೇಪಿ ಎಂಬ ಹೊಸವರ್ಷದ ಮೌನದ ದಿನ, ಆ 24 ಗಂಟೆ ವಿಮಾನ ನಿಲ್ದಾಣವನ್ನೂ ಮುಚ್ಚಿಬಿಡುತ್ತಾರೆ ಎಂಬ ಸಂಗತಿ. ಇರಲಿ.

ಪ್ರಾಣಿಗಳ ವಿಷಯದಲ್ಲಿ ಒಂದೇ ಗೆರೆ ಸಾಕು. ಬಾಲಿಗೂ ಅದರ ಪೂರ್ವದ ಲೊಂಬೊಕ್ ದ್ವೀಪಕ್ಕೂ ನಡುವಿನ ಜಲಸಂಧಿ ಸುಮಾರು 35 ಕಿಲೋಮೀಟರ್ ಅಗಲ, ಆದರೆ ಬಹಳ ಆಳ. ಹಿಮಯುಗದಲ್ಲಿ ಸಮುದ್ರದ ಮಟ್ಟ ನೂರಿಪ್ಪತ್ತು ಮೀಟರಿನಷ್ಟು ಇಳಿದಾಗ ಸುಮಾತ್ರಾ, ಜಾವಾ, ಬೋರ್ನಿಯೋಗಳು ಏಷ್ಯಾದೊಂದಿಗೆ ಒಂದೇ ನೆಲವಾದವು, ಹುಲಿ, ಆನೆ, ಘೇಂಡಾಮೃಗಗಳು ನಡೆದೇ ಬಂದವು. ಈ ಆಳದ ನೀರನ್ನು ಮಾತ್ರ ದಾಟಲಿಲ್ಲ. 1854ರಿಂದ 1862ರವರೆಗೆ ಆ ದ್ವೀಪಗಳಲ್ಲಿ ಅಲೆದ ಆಲ್ಫ್ರೆಡ್ ರಸೆಲ್ ವಾಲೇಸ್ ಗುರುತಿಸಿದ ಈ ಗೆರೆಯಾಚೆ ಕಾಕಟೂ ಗಿಳಿಗಳು ಕಾಣಿಸುತ್ತವೆ, ಇನ್ನೂ ಪೂರ್ವಕ್ಕೆ ಪಾಪುವಾದಲ್ಲಿ ಮರ ಹತ್ತುವ ಕಂಗರೂಗಳಿವೆ. ರಂಗೋಲಿಯ ಮೇಲೆ ಮಕ್ಕಳು ಇದ್ದಿಲಿನಿಂದ ಆ ಗೆರೆ ಎಳೆದು, ಎರಡೂ ಬದಿಗೆ ಪ್ರಾಣಿಗಳ ಚಿತ್ರ ಇಟ್ಟರು.

ಜಾಯಿಕಾಯಿಗೆ ನಾನು ಒಂದು ಇಡೀ ಬೆಳಗನ್ನು ಕೊಡುತ್ತೇನೆ. ನಮ್ಮಲ್ಲಿ ಅದರ ಮುಖ್ಯ ಕೊಯ್ಲು ಮಳೆಗಾಲದಲ್ಲಾದರೂ ಬೇಸಿಗೆಯಲ್ಲೂ ಹುಡುಕಿದರೆ ಮರದಲ್ಲಿ ಒಂದೆರಡು ಹಣ್ಣು ಬಿರಿದಿರುತ್ತವೆ. ತಿಳಿಹಳದಿ ಬಣ್ಣದ ದಪ್ಪ ಸಿಪ್ಪೆ ನಡುವಿನ ಗೆರೆಯಲ್ಲಿ ಎರಡು ಹೋಳಾಗಿ ಬಾಯಿಬಿಡುತ್ತದೆ. ಒಳಗೆ ಕಡುಗಂದು ಬಣ್ಣದ ಹೊಳೆಯುವ ಚಿಪ್ಪು, ಅದನ್ನು ಬಲೆಬಲೆಯಾಗಿ ಅಪ್ಪಿಕೊಂಡ ಕಡುಗೆಂಪು ಜಾಪತ್ರೆ. ಜಾಪತ್ರೆಯನ್ನು ಹರಿಯದ ಹಾಗೆ ಬಿಡಿಸುವುದು ತಾಳ್ಮೆಯ ಕೆಲಸ, ಬುಡದಿಂದ ಉಗುರು ಹಾಕಿ ಮೆಲ್ಲಗೆ ಎಬ್ಬಿಸಬೇಕು. ಬಿಸಿಲಿನಲ್ಲಿ ಇಟ್ಟರೆ ಅದರ ಕೆಂಪು ದಿನದಿಂದ ದಿನಕ್ಕೆ ಇಳಿದು ಕಿತ್ತಳೆ ಹಳದಿಗೆ ಬರುತ್ತದೆ. ಚಿಪ್ಪನ್ನು ಒಣಗಿಸಿ ಅಲ್ಲಾಡಿಸಿದಾಗ ಒಳಗಿನ ಕಾಯಿ ಗಲಗಲ ಎನ್ನಬೇಕು, ಆಮೇಲೆ ಒಡೆದರೆ ಸರಿಯಾಗಿ ಸಿಗುತ್ತದೆ. ಸಿಪ್ಪೆಯಿಂದ ನಾವು ಉಪ್ಪಿನಕಾಯಿ ಹಾಕುತ್ತೇವೆ, ಇಂಡೋನೇಷ್ಯಾದವರು ಅದನ್ನೇ ಸಕ್ಕರೆಯಲ್ಲಿ ಹಾಕಿ ಸಿಹಿ ಮಾಡಿ ತಿನ್ನುತ್ತಾರೆ. ಗಂಡು ಮರ ಹೆಣ್ಣು ಮರ ಬೇರೆ ಬೇರೆ ಎಂಬುದನ್ನು ಹೇಳಲು ನನಗಿಂತ ಮೊದಲು ಮಕ್ಕಳೇ ಬಾಯಿ ತೆರೆದರು. ತೋಟದಲ್ಲಿ ಕಾಯಿ ಬಿಡದ ಮರ ಕಡಿಯುವ ಚರ್ಚೆಯನ್ನು ಅವರು ಕೇಳಿಯೇ ಇರುತ್ತಾರೆ.

ಇಂಥ ಮರ ಒಂದು ಕಾಲದಲ್ಲಿ ಬಾಂಡಾ ಎಂಬ ಬೆರಳೆಣಿಕೆಯ ಪುಟ್ಟ ದ್ವೀಪಗಳನ್ನು ಬಿಟ್ಟು ಬೇರೆಲ್ಲೂ ಫಸಲು ಕೊಡುತ್ತಿರಲಿಲ್ಲ. ನಮ್ಮ ರಂಗೋಲಿಯಲ್ಲಿ ಅವು ಒಂದು ಅಕ್ಕಿಕಾಳಿಗೂ ಬಾಳುವುದಿಲ್ಲ. ಜಾವಾದವರು, ಮಲಯದವರು, ಅರಬರು, ಗುಜರಾತಿನ ವರ್ತಕರು ಶತಮಾನಗಳ ಕಾಲ ಕೈಯಿಂದ ಕೈಗೆ ದಾಟಿಸಿದ ಈ ವ್ಯಾಪಾರದ ಮೂಲವನ್ನೇ ಹಿಡಿಯಲು 1621ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಯಾನ್ ಪೀಟರ್ಸೂನ್ ಕೂನ್ ಪಡೆ ತೆಗೆದುಕೊಂಡು ಹೋದ. ಬಾಂಡಾದ ಮೂಲ ಜನರಲ್ಲಿ ಬಹುಪಾಲು ಕೊಲೆಯಾದರು, ಹಸಿವಿನಿಂದ ಸತ್ತರು ಅಥವಾ ಗಡೀಪಾರಾದರು. ಗುಲಾಮರನ್ನು ತಂದು ತೋಟಗಳಲ್ಲಿ ದುಡಿಸಲಾಯಿತು. ಬೀಜ ಬೇರೆಡೆ ಮೊಳೆಯಬಾರದೆಂದು ಜಾಯಿಕಾಯಿಯನ್ನು ಸುಣ್ಣದಲ್ಲಿ ಅದ್ದಿ ಮಾರುತ್ತಿದ್ದರು. ಚಿಕ್ಕ ಮಕ್ಕಳಿಗೆ ಇದನ್ನೆಲ್ಲ ಹೇಳಬೇಕೇ ಎಂದು ತಾಯಂದಿರಲ್ಲೊಬ್ಬರು ಕೇಳಿದರು. ಹೇಳಬೇಕು ಎಂದೇ ನನ್ನ ಅಭಿಪ್ರಾಯ. ವಿವರಗಳ ರಕ್ತಪಾತ ಬೇಡ. ಆದರೆ ಮಸಾಲೆ ವ್ಯಾಪಾರ ಎಂಬ ಹಿತವಾದ ಹೆಸರಿನಡಿ ಒಂದು ಜನಸಮುದಾಯವೇ ಇಲ್ಲವಾದದ್ದನ್ನು ಮುಚ್ಚಿಟ್ಟು, ಹಡಗು ಮತ್ತು ದಿಕ್ಸೂಚಿಗಳ ಸಾಹಸದ ಕಥೆಯನ್ನಷ್ಟೇ ಹೇಳುವುದು ಹನ್ನೆರಡು ವರ್ಷದವರಿಗೆ ಮಾಡುವ ಮೋಸ. 1667ರ ಬ್ರೇಡಾ ಒಪ್ಪಂದದಲ್ಲಿ ಇಂಗ್ಲಿಷರು ಬಾಂಡಾದ ರನ್ ಎಂಬ ಸಣ್ಣ ದ್ವೀಪದ ಹಕ್ಕು ಬಿಟ್ಟುಕೊಟ್ಟರು, ಡಚ್ಚರು ಇಂದು ನ್ಯೂಯಾರ್ಕ್ ನಗರವಿರುವ ಮ್ಯಾನ್‌ಹ್ಯಾಟನ್ನಿನ ಹಕ್ಕು ಬಿಟ್ಟುಕೊಟ್ಟರು. ಈ ವಿನಿಮಯದಲ್ಲಿ ಮೋಸ ಹೋದವರು ಯಾರು ಎಂಬ ವಾದ ಊಟದ ಹೊತ್ತಿನವರೆಗೂ ನಡೆಯಿತು.

ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಕೆಲವು ವರ್ಷ ಬಾಂಡಾವನ್ನು ವಶದಲ್ಲಿಟ್ಟುಕೊಂಡಾಗ ಜಾಯಿಕಾಯಿ ಸಸಿಗಳನ್ನು ಪೆನಾಂಗ್, ಶ್ರೀಲಂಕಾ ಮೊದಲಾದ ಕಡೆಗೆ ಸಾಗಿಸಿದರು, ಅಲ್ಲಿಗೆ ಏಕಸ್ವಾಮ್ಯ ಮುರಿಯಿತು. ಎದುರು ದಿಕ್ಕಿನ ಪ್ರಯಾಣವೊಂದೂ ಇದೆ: 1690ರ ದಶಕದಲ್ಲಿ ಡಚ್ಚರು ನಮ್ಮ ಮಲಬಾರ್ ಕರಾವಳಿಯಿಂದ ಕಾಫಿ ಸಸಿಗಳನ್ನು ಜಾವಾಕ್ಕೆ ಒಯ್ದರು. ಕೊಡಗು, ಚಿಕ್ಕಮಗಳೂರಿನಲ್ಲಿ ನೆಂಟರಿರುವ ಮಕ್ಕಳು ಇದನ್ನು ಮನೆಯಲ್ಲಿ ಮರೆಯದೆ ಹೇಳಿದರಂತೆ.

ಸಂಸ್ಕೃತಿಯ ಪಾಠಕ್ಕೆ ನಾನು ಇಟ್ಟುಕೊಂಡದ್ದು ಜಾವಾದ ತೊಗಲುಗೊಂಬೆಯಾಟ, ವಾಯಾಂಗ್ ಕುಲಿತ್. ನಮ್ಮ ತೊಗಲುಗೊಂಬೆಗಳು ಆಡಿನದೋ ಜಿಂಕೆಯದೋ ತೆಳುಚರ್ಮದವು. ಬೆಳಕು ಚರ್ಮವನ್ನೇ ತೂರಿ ಬರುವುದರಿಂದ ಪರದೆಯ ಮೇಲೆ ಕೆಂಪು, ಹಸಿರು ಬಣ್ಣಗಳೇ ಮೂಡುತ್ತವೆ. ಜಾವಾದವು ಎಮ್ಮೆಯ ದಪ್ಪ ತೊಗಲಿನವು, ಬೆಳಕು ತೂರುವುದು ಉಳಿಯಿಂದ ಕೊರೆದ ಸಾವಿರಾರು ಸಣ್ಣ ತೂತುಗಳ ಮೂಲಕ. ದಾಲಾಂಗ್ ಎಂಬ ಒಬ್ಬನೇ ಸೂತ್ರಧಾರ ರಾತ್ರಿಯಿಂದ ಬೆಳಗಿನ ಜಾವದವರೆಗೆ ಅಷ್ಟೂ ಗೊಂಬೆಗಳನ್ನು ಆಡಿಸಿ, ಅಷ್ಟೂ ದನಿಗಳಲ್ಲಿ ಮಾತಾಡಿ, ಮರದ ಪೆಟ್ಟಿಗೆಗೆ ಬಡಿಗೆಯಿಂದ ಕುಟ್ಟಿ ಗಾಮೆಲಾನ್ ವಾದ್ಯದವರಿಗೆ ಸೂಚನೆಯನ್ನೂ ಕೊಡುತ್ತಾನೆ. ನಾವು ಹಳೆಯ ಪಂಚೆ ಕಟ್ಟಿ, ಹಿಂದೆ ಬಲ್ಬು ಇಟ್ಟು, ಮದುವೆಯ ಆಮಂತ್ರಣ ಪತ್ರಿಕೆಗಳ ದಪ್ಪ ಕಾಗದದಿಂದ ಜಾವಾದ ಮಾದರಿಯ ತೂತುಗೊಂಬೆಗಳನ್ನೂ, ಎಣ್ಣೆ ಸವರಿ ಬಣ್ಣ ಹಚ್ಚಿದ ತೆಳುಕಾಗದದಿಂದ ನಮ್ಮ ಮಾದರಿಯವನ್ನೂ ಮಾಡಿ ಆಡಿಸಿದೆವು. ಎರಡೂ ಪರದೆಯ ಮೇಲೆ ಅಕ್ಕಪಕ್ಕ ನಿಂತಾಗ ವ್ಯತ್ಯಾಸವನ್ನು ಯಾರಿಗೂ ವಿವರಿಸಬೇಕಾಗಲಿಲ್ಲ. 2025ರಲ್ಲಿ ಪದ್ಮಶ್ರೀ ಪಡೆದ ಕೊಪ್ಪಳ ಜಿಲ್ಲೆಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರ ವಿಷಯವನ್ನೂ ಅಲ್ಲಿಯೇ ಹೇಳಿದೆ, ಏಕೆಂದರೆ ಜಾವಾದ ಕಲೆ ನೋಡಿ ಬೆರಗಾಗುವ ಮಗುವಿಗೆ ತನ್ನ ರಾಜ್ಯದಲ್ಲೇ ತೊಂಬತ್ತು ದಾಟಿದ ಕಲಾವಿದೆಯೊಬ್ಬರಿದ್ದಾರೆ ಎಂಬುದು ತಿಳಿದಿರಬೇಕು.

ವಾಯಾಂಗಿನ ಕಥೆಗಳು ಹೆಚ್ಚಾಗಿ ಮಹಾಭಾರತ, ರಾಮಾಯಣಗಳವು; ಆಡಿಸುವವರು, ನೋಡುವವರು ಬಹುತೇಕ ಮುಸ್ಲಿಮರು. "ಮತ್ತೆ ಅವರು ಯಾಕೆ ಮಹಾಭಾರತ ಆಡ್ತಾರೆ?" ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಅವರ ಅಜ್ಜಿಯರೂ ಅದನ್ನೇ ಹೇಳುತ್ತ ಬಂದಿದ್ದಾರೆ, ಮತ ಬದಲಾದಾಗ ಅವರು ಕಥೆಗಳನ್ನು ಬಿಡಲಿಲ್ಲ ಎಂಬ ಸರಳ ಉತ್ತರ ಸಾಕಾಗುತ್ತದೆ. ದೊಡ್ಡವರನ್ನು ಸಂಭಾಳಿಸುವುದೇ ಕಷ್ಟ. ಜಗುಲಿಯ ತುದಿಯಲ್ಲಿ ಕುಳಿತ ಹಿರಿಯರೊಬ್ಬರು ಎಲ್ಲ ನಮ್ಮಲ್ಲಿಂದಲೇ ಹೋದದ್ದು ಎಂದು ತೀರ್ಪು ಕೊಟ್ಟುಬಿಟ್ಟರೆ, ಮಕ್ಕಳು ಆಮೇಲೆ ಅಲ್ಲಿಯದನ್ನು ನೋಡುವುದನ್ನೇ ನಿಲ್ಲಿಸುತ್ತಾರೆ. ಜಾವಾದ ಕಥೆಯಲ್ಲಿ ದ್ರೌಪದಿ ಧರ್ಮರಾಯನೊಬ್ಬನ ಹೆಂಡತಿ; ಶಿಖಂಡಿ ಅಲ್ಲಿ ಶ್ರೀಕಾಂಡಿ ಎಂಬ ಬಿಲ್ಲುಗಾತಿ, ಅರ್ಜುನನ ಪತ್ನಿಯರಲ್ಲಿ ಒಬ್ಬಳು. ಅವರು ತಪ್ಪಾಗಿ ಹೇಳಿದ್ದಾರೆ ಎಂದು ಯಕ್ಷಗಾನ ನೋಡಿ ಬೆಳೆದ ಒಬ್ಬ ಹುಡುಗ ಎದ್ದು ನಿಂತ. ಹತ್ತನೇ ಶತಮಾನದ ನಮ್ಮ ಪಂಪನೂ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಕೊಟ್ಟಿದ್ದಾನೆ ಎಂದಾಗ ಸ್ವಲ್ಪ ಹೊತ್ತು ಯೋಚಿಸಿ ಕುಳಿತುಕೊಂಡ. ಎಲ್ಲರಿಗೂ ಹೆಚ್ಚು ಇಷ್ಟವಾದದ್ದು ಸೆಮಾರ್. ಡೊಳ್ಳುಹೊಟ್ಟೆಯ ಈ ಸೇವಕ ಪಾಂಡವರನ್ನು ಗೇಲಿ ಮಾಡುತ್ತಾನೆ, ಬುದ್ಧಿಯನ್ನೂ ಹೇಳುತ್ತಾನೆ, ನಿಜದಲ್ಲಿ ಅವನು ವೇಷ ಮರೆಸಿದ ದೇವತೆ. ಭಾರತದ ಮಹಾಭಾರತಗಳಲ್ಲಿ ಇವನಿಲ್ಲ. ನಮ್ಮ ತೊಗಲುಗೊಂಬೆಯಾಟದ ಹಾಸ್ಯಗಾರ ಕಿಳ್ಳೇಕ್ಯಾತನೂ ಸೆಮಾರನೂ ಒಂದೇ ಪರದೆಯ ಮೇಲೆ ಭೇಟಿಯಾಗಿ ಊಟದ ಬಗ್ಗೆ ಜಗಳವಾಡುವ ಪ್ರಸಂಗವನ್ನು ಮಕ್ಕಳೇ ಕಟ್ಟಿದರು. ಅದರ ಸಂಭಾಷಣೆಯಲ್ಲಿ ಕೆಲವನ್ನು ಇಲ್ಲಿ ಬರೆಯುವ ಹಾಗಿಲ್ಲ.

ಗೊಂಬೆ, ದೇವಾಲಯ, ಜ್ವಾಲಾಮುಖಿಗಳಷ್ಟನ್ನೇ ತೋರಿಸಿದರೆ ಆ ನಾಡಿನಲ್ಲಿ ಮಾಮೂಲಿ ಮಕ್ಕಳೇ ಇಲ್ಲ ಎನ್ನಿಸಿಬಿಡುತ್ತದೆ. ಅಲ್ಲಿಯ ಪ್ರಾಥಮಿಕ ಶಾಲೆಯ ಸಮವಸ್ತ್ರ ಬಿಳಿ ಅಂಗಿ, ಕೆಂಪು ಚಡ್ಡಿ ಅಥವಾ ಲಂಗ, ಬಾವುಟದ್ದೇ ಬಣ್ಣಗಳು. ಸೋಮವಾರ ಬೆಳಿಗ್ಗೆ ಧ್ವಜವಂದನೆ. ದೇಶದಲ್ಲಿ 700ಕ್ಕೂ ಹೆಚ್ಚು ಭಾಷೆಗಳಿರುವುದರಿಂದ ಮನೆಯಲ್ಲಿ ಜಾವಾದ್ದೋ ಸುಂಡಾದ್ದೋ ಬುಗಿಸರದೋ ಭಾಷೆ, ಶಾಲೆಯಲ್ಲಿ ಇಂಡೋನೇಷ್ಯಾ ಭಾಷೆ. ಮನೆಯಲ್ಲಿ ಹವ್ಯಕ, ಕೊಂಕಣಿ, ಮರಾಠಿ ಮಾತಾಡಿ ಶಾಲೆಯಲ್ಲಿ ಕನ್ನಡ ಓದುವ ನಮ್ಮ ಮಕ್ಕಳು ಇದಕ್ಕೆ ಹುಬ್ಬೇರಿಸಲೂ ಇಲ್ಲ. ಅಂತರ್ಜಲ ಎತ್ತಿ ಎತ್ತಿ ನೆಲವೇ ಕುಸಿಯುತ್ತಿರುವ ಜಕಾರ್ತಾ, ಅದಕ್ಕಾಗಿ ಕಾಲಿಮಾಂತಾನಿನಲ್ಲಿ ಕಟ್ಟುತ್ತಿರುವ ಹೊಸ ರಾಜಧಾನಿ ನುಸಾಂತರಾ, ಬೈಕುಗಳ ದಟ್ಟಣೆ ಇವೆಲ್ಲವನ್ನೂ ಚಿತ್ರಗಳಲ್ಲಿ ನೋಡಿದರು. ತಿಂಡಿಗೆ ಕ್ಲೆಪೊನ್ ಮಾಡಿದೆವು: ಅಂಟು ಅಕ್ಕಿಯ ಹಿಟ್ಟಿನ ಉಂಡೆಯೊಳಗೆ ತಾಳೆಬೆಲ್ಲ ತುಂಬಿ, ಕುದಿವ ನೀರಿನಲ್ಲಿ ಬೇಯಿಸಿ, ತೆಂಗಿನತುರಿಯಲ್ಲಿ ಹೊರಳಿಸುವುದು. ನಮ್ಮ ಬೆಲ್ಲ, ನಮ್ಮ ಅಕ್ಕಿಹಿಟ್ಟಿನಲ್ಲಿ ಕೆಲವು ಉಂಡೆಗಳು ನೀರಿನಲ್ಲೇ ಬಿಚ್ಚಿಕೊಂಡವು. ಅದನ್ನೂ ಕುಡಿದು ಮುಗಿಸಿದರು.

ಕೊನೆಯ ದಿನಗಳಿಗೆ ಸುಮಾತ್ರಾದ ಪಶ್ಚಿಮದಲ್ಲಿರುವ ಸಿಮೆಲೂಯೆ ದ್ವೀಪದ ಕಥೆಯನ್ನು ಇಟ್ಟುಕೊಂಡಿದ್ದೆ. 1907ರಲ್ಲಿ ಅಲ್ಲಿ ಭೂಕಂಪವಾಗಿ, ಸಮುದ್ರ ಹಿಂದೆ ಸರಿದು, ಆಮೇಲೆ ದೈತ್ಯ ಅಲೆಯಾಗಿ ಬಂದು ಬಹಳ ಜನ ಸತ್ತರು. ಉಳಿದವರು ಅದನ್ನು ಹಾಡಾಗಿ, ಮಕ್ಕಳಿಗೆ ಹೇಳುವ ಕಥೆಯಾಗಿ ಉಳಿಸಿದರು: ನೆಲ ಜೋರಾಗಿ ನಡುಗಿ ಸಮುದ್ರ ಇಳಿದರೆ, ಏನನ್ನೂ ಎತ್ತಿಕೊಳ್ಳದೆ ಗುಡ್ಡ ಹತ್ತಬೇಕು. 2004ರ ಡಿಸೆಂಬರ್ 26ರಂದು ನೆಲ ನಡುಗಿತು. ಎದುರಿನ ಸುಮಾತ್ರಾದ 'ಆಚೆ' (Aceh) ಎಂಬ ಪ್ರಾಂತ್ಯದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಸತ್ತ ಆ ಬೆಳಿಗ್ಗೆ, ಸುಮಾರು 78,000 ಜನರಿದ್ದ ಸಿಮೆಲೂಯೆಯಲ್ಲಿ ಸತ್ತವರು ಏಳು ಮಂದಿ. ಸೈರನ್ನಿರಲಿಲ್ಲ, ಮೊಬೈಲ್ ಸಂದೇಶವಿರಲಿಲ್ಲ. ಆಮೇಲೆ ಮಕ್ಕಳಿಗೆ ಕೊಟ್ಟ ಕೆಲಸ, ಮನೆಯ ಹಿರಿಯರಿಂದ ಮಳೆ, ಗಾಳಿ, ಬೆಂಕಿ, ಪ್ರಾಣಿಗಳ ಬಗ್ಗೆ ಗಾದೆಯೋ ಹಾಡೋ ಸಂಗ್ರಹಿಸಿ ತರುವುದು, ಮತ್ತು ಅದು ನಿಜವೇ ಎಂದು ಪರೀಕ್ಷಿಸುವುದು ಹೇಗೆಂದು ಯೋಚಿಸುವುದು. "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಎಂಬುದನ್ನು ಮೂರು ಮನೆಗಳ ಮಕ್ಕಳು ತಂದರು. ಪಂಚಾಂಗ ಮತ್ತು ಸಹಕಾರಿ ಸಂಘದ ಹಳೆಯ ಭತ್ತದ ಲೆಕ್ಕ ಎರಡನ್ನೂ ಹೋಲಿಸಿ ನೋಡಬಹುದಲ್ಲ ಎಂದಳು ಒಬ್ಬಳು. ಆ ಲೆಕ್ಕದ ಪುಸ್ತಕಗಳನ್ನು ಕೊಡುತ್ತಾರೋ ಎಂದು ವಿಚಾರಿಸಬೇಕಾಗಿದೆ.

ಮುಂದಿನ ರಜೆಗೆ ಮಕ್ಕಳು ಕೇಳಿರುವುದು ಮಡಗಾಸ್ಕರ್. ಅದಕ್ಕೂ ಕಾರಣ ಕಾಲಿಮಾಂತಾನೇ: ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಆ ಕಡೆಯಿಂದ ಹೊರಟ ನಾವಿಕರು ಹಿಂದೂ ಮಹಾಸಾಗರ ದಾಟಿ ಆಫ್ರಿಕಾದ ಪಕ್ಕದ ಈ ದ್ವೀಪದಲ್ಲಿ ನೆಲೆಸಿದರು, ಇಂದಿಗೂ ಮಡಗಾಸ್ಕರಿನ ಭಾಷೆಗೆ ಅತಿ ಹತ್ತಿರದ ನೆಂಟರು ದಕ್ಷಿಣ ಬೋರ್ನಿಯೋದ ಭಾಷೆಗಳು. ಇದನ್ನು ಕೇಳಿದ ಮಕ್ಕಳು ರಂಗೋಲಿಯನ್ನು ಪಶ್ಚಿಮಕ್ಕೆ ಬೆಳೆಸಲು ಹೊರಟರು. ಅಡಿಗೆ 500 ಕಿಲೋಮೀಟರಿನಂತೆ ಆ ದಾರಿ ಕಾಲಿಮಾಂತಾನಿನಿಂದ ಸುಮಾರು ಹದಿನಾಲ್ಕು ಅಡಿ ಬೇಡುತ್ತದೆ. ನಮ್ಮ ಅಂಗಳದಲ್ಲಿ ಅಷ್ಟು ಜಾಗವಿಲ್ಲದ್ದರಿಂದ ಮುಂದಿನ ಏಪ್ರಿಲಿಗೆ ಶಾಲೆಯ ಮೈದಾನ ಕೇಳುವುದೆಂದು ತೀರ್ಮಾನವಾಗಿದೆ.